ಕೆಂಪು ದೀಪಕ್ಕೊಂದು ಪುಟ

ಫೆಬ್ರವರಿ 26, ಸೋಮವಾರ. ಬೆಳಿಗ್ಗೆ 6.40

ಕಾರು ಒರೆಸಿದೆ. ಮೊದಲು ಗಾಜು, ಆಮೇಲೆ ಬಾನೆಟ್, ಕೊನೆಗೆ ಹಿಂದಿನ ಎಡಬಾಗಿಲಿನ ಹಿಡಿ. ಹಿಡಿಯನ್ನು ಎರಡು ಸಲ. ಇಪ್ಪತ್ತೆರಡು ವರ್ಷದ ಅಭ್ಯಾಸ. ಈ ಅವಧಿಯಲ್ಲಿ ಕಾರು ಎರಡು ಸಲ ಬದಲಾಯಿತು, ಬಾಗಿಲು ಬದಲಾಗಲಿಲ್ಲ.

ನಮ್ಮ ಓಣಿಯಲ್ಲಿ ಇದಕ್ಕೆ ಜಾಗ ಸಾಲದು. ವಿಹಾರದ ಅಂಗಳದಲ್ಲಿ ನಿಲ್ಲಿಸುತ್ತೇನೆ, ಅರಳಿಮರದಿಂದ ದೂರ. ಹಿರಿಯ ಭಿಕ್ಷು ಭಿಕ್ಷಾಟನೆ ಮುಗಿಸಿ ಬಂದವರು ನಿಂತು ನೋಡಿದರು.

"ಬುದ್ಧನ ವಿಗ್ರಹಾನೂ ಯಾರೂ ಹೀಗೆ ಒರೆಸಲ್ಲಪ್ಪಾ, ಪ್ರಯೂನ್."

"ಬುದ್ಧ ರಸ್ತೆ ಮೇಲೆ ಓಡಾಡಲ್ಲ, ಗುರುಗಳೇ."

ನಕ್ಕರು. ಒಳಗೆ ಹೋದರು.

ಕಾರಿನ ಕಾಗದಗಳು ನನ್ನ ಹೆಸರಿಗೆ ಬಂದು ಹತ್ತು ದಿನ. ಇಷ್ಟು ವರ್ಷ ನಾನು ಡ್ರೈವರಾಗಿದ್ದ ಮನೆಯ ಅಮ್ಮಾವ್ರು ಉಯಿಲಿನಲ್ಲಿ ಬರೆಸಿದ್ದು ಒಂದೇ ಸಾಲು. ‘ಕಾರು ಪ್ರಯೂನ್‌ಗೆ, ಓಡಿಸುವುದು ಅವನಿಗೆ ಗೊತ್ತು.’ ಈಗ ಮಾಲೀಕ ನಾನು. ಸ್ಟಾರ್ಟ್ ಗುಂಡಿ ಒತ್ತಿ, ಎಲ್ಲಿಗೆ ಎಂದು ಹಿಂದಿನಿಂದ ಹೇಳುವುದನ್ನು ಕಾಯುತ್ತಾ ಕೂತಿದ್ದೆ... ಎಷ್ಟು ಹೊತ್ತೋ.

ಫೆಬ್ರವರಿ 29, ಗುರುವಾರ

ಸರ್ವಿಸ್. ಮೆಕ್ಯಾನಿಕ್ ಗದರಿದ. "ಹೈಬ್ರಿಡ್‌ನ ಸುಮ್ನೆ ನಿಲ್ಲಿಸ್ಬೇಡಿ, ಅಣ್ಣ. ದೊಡ್ಡ ಬ್ಯಾಟರಿ ಏನೂ ಆಗಲ್ಲ, ಚಿಕ್ಕದು ಸತ್ತೋಗುತ್ತೆ. ವಾರಕ್ಕೆ ಎರಡು ಸಲನಾದ್ರೂ ಓಡಿಸಿ."

ಸದ್ಯ. ಒಂದು ಕಾರಣ ಸಿಕ್ಕಿತು.

ಮಾರ್ಚ್ 1, ಶುಕ್ರವಾರ. ಮಧ್ಯಾಹ್ನ

ಸಾತೋರ್ನ್ ರಸ್ತೆಯವರೆಗೆ ಹೋಗಿ ಬಂದೆ. ಯಾವ ಕೆಲಸವೂ ಇರಲಿಲ್ಲ. ಕೆಂಪು ದೀಪ, 120ರಿಂದ ಇಳಿಯುವ ಅಂಕಿ. ಎಂಜಿನ್ ತಾನಾಗಿ ನಿಂತಿತು. ಈ ಕಾರು ನಿಂತಾಗ ಉಸಿರನ್ನೂ ಬಿಡುವುದಿಲ್ಲ. ಕಿವಿ ಹಿಂದಕ್ಕೆ ಹೋಯಿತು.

ಬರೆದಿಡಬೇಕು. ಎಲ್ಲೂ ಹೇಳಿಲ್ಲ.

ಮೊದಲ ಎರಡು ಕಾರುಗಳಲ್ಲಿ ಅಮ್ಮಾವ್ರು ತಮ್ಮಷ್ಟಕ್ಕೆ ಓದುತ್ತಿದ್ದರು. ಬೇರೆ ದೇಶದ ಕಾದಂಬರಿಗಳು, ನಮ್ಮ ಭಾಷೆಗೆ ಬಂದವು. ಮುಗಿಸಿದ್ದನ್ನು ನನಗೆ ಕೊಡುತ್ತಿದ್ದರು. ಆಸ್ಪತ್ರೆ, ಬ್ಯಾಂಕು, ಮದುವೆ ಹಾಲ್ — ಎಲ್ಲ ಪಾರ್ಕಿಂಗ್‌ಗಳಲ್ಲಿ ಕೂತು ಓದಿದ್ದೇನೆ. ಈ ಕಾರು ಬಂದ ಮೊದಲ ವಾರ, ಸಿಗ್ನಲ್‌ನಲ್ಲಿ ಎಂಜಿನ್ ನಿಂತಾಗ, ಅವರು ಪುಟ ತಿರುವಿದ್ದು ನನಗೆ ಕೇಳಿಸಿತು. ನನಗೆ ಕೇಳಿಸಿದ್ದು ಅವರಿಗೂ ಗೊತ್ತಾಯಿತು.

"ನೂರ ಇಪ್ಪತ್ತು ಸೆಕೆಂಡ್. ಒಂದು ಪುಟ ಆಗುತ್ತೆ. ಕೇಳ್ತೀಯಾ, ಪ್ರಯೂನ್?"

ಆರು ವರ್ಷ. ಕೆಂಪು ದೀಪಕ್ಕೊಂದು ಪುಟ. ಹಸಿರು ಬಂದ ತಕ್ಷಣ ನಿಲ್ಲಿಸುತ್ತಿದ್ದರು, ವಾಕ್ಯ ಅರ್ಧವಿದ್ದರೂ. ಹೀಗೆ ಓದುತ್ತಿದ್ದ ಪುಸ್ತಕ ಸೀಟಿನ ಹಿಂಜೇಬಿನಲ್ಲೇ ಇರುತ್ತಿತ್ತು. ಒಂದೇ ಷರತ್ತು — "ಕದ್ದು ಓದ್ಬಾರ್ದು."

ಓದಿಲ್ಲ. ಒಂದು ಸಲವೂ.

ಈಗಲೂ ಒಂದಿದೆ ಅಲ್ಲಿ. ಹಿಮದ ದೇಶದ ಕಥೆ. ಹೆಪ್ಪುಗಟ್ಟಿದ ಸರೋವರದ ಮೇಲೆ ಕಾಗದ ಹೊತ್ತು ನಡೆಯುತ್ತಿರುವ ಹೆಂಗಸು. ಅವಳ ಹೆಸರು ಇಬ್ಬರ ನಾಲಿಗೆಗೂ ಬರದೆ ಅಂಚೆಯಮ್ಮ ಎಂದೇ ಕರೆದೆವು. ಸರೋವರದ ನಡುವೆ ಇದ್ದಾಳೆ. ಕಾಲ ಕೆಳಗೆ ಏನೋ ಲಟಕ್ ಎಂದಿದೆ. ಇನ್ನು ಮೂವತ್ತೊಂದು ಪುಟ.

ಜನವರಿ 7ರ ಭಾನುವಾರ, ಬೆಳಗಿನ ಜಾವ, ಆಸ್ಪತ್ರೆಗೆ ಕರೆದೊಯ್ದೆ. ಪುಸ್ತಕ ತೊಡೆಯ ಮೇಲೆ ತೆರೆದಿತ್ತು. ದಾರಿಯಲ್ಲಿ ಹನ್ನೊಂದು ಸಿಗ್ನಲ್. ಹನ್ನೊಂದೂ ಹಸಿರು. ಡ್ರೈವರನ ಬದುಕಿನಲ್ಲಿ ಒಂದೇ ಒಂದು ಸಲ ಆಗುವಂಥದ್ದು.

ಇಳಿಯುವಾಗ ಅವರೇ ಅದನ್ನು ಜೇಬಿಗೆ ಸೇರಿಸಿ, "ವಾಪಸ್ ಬರುವಾಗ" ಎಂದರು.

ಮಂಗಳವಾರ ಹೋದರು.

ಮಾರ್ಚ್ 4, ಸೋಮವಾರ

ನಳಿನ್ ಫೋನ್. ಅಮ್ಮಾವ್ರ ತಂಗಿಯ ಮಗಳು. ಒಳ್ಳೆಯ ಹುಡುಗಿ.

"ಪ್ರಯೂನ್ ಮಾಮ, ತಪ್ಪು ತಿಳ್ಕೋಬೇಡಿ. ನಿಮ್ಮ ಓಣಿ, ಪಾರ್ಕಿಂಗು, ಎಲ್ಲಾ ಕಷ್ಟ ಅಂತ ಕೇಳ್ದೆ. ನಿಮಗೆ ಹೊರೆ ಅನ್ನಿಸಿದ್ರೆ ಕಾರು ನಾನು ತಗೋತೀನಿ. ಚಿಕ್ಕದೊಂದು ನಿಮಗೆ ಕೊಡಿಸ್ತೀನಿ."

"ಹೊರೆ ಅಲ್ಲಮ್ಮ."

"ದೊಡ್ಡಮ್ಮನ ನೂರನೇ ದಿನದ ಪೂಜೆ ಇದ್ಯಲ್ಲ, ಏಪ್ರಿಲ್ ಹದಿನೇಳು. ಅವತ್ತು ಹೇಳಿ. ಅವಸರ ಇಲ್ಲ."

ಇರಿಸಿಕೊಳ್ಳುವುದೋ, ಕೀಲಿ ಕೊಡುವುದೋ. ಅವಸರವಿಲ್ಲ. ನಲವತ್ತನಾಲ್ಕು ದಿನ.

ಮಾರ್ಚ್ 9, ಶನಿವಾರ

ಲಮ್ಯಾಯ್‌ಳನ್ನು ಮೊದಲ ಸಲ ಕಾರಿನಲ್ಲಿ ಕರೆದೊಯ್ದೆ. ಮದುವೆಯಾಗಿ ಮೂವತ್ತು ವರ್ಷ. ನಾನು ಓಡಿಸುವ ಕಾರಿನಲ್ಲಿ ಅವಳು ಕೂತದ್ದು ಇವತ್ತು. ಸಗಟು ಮಾರುಕಟ್ಟೆಗೆ, ಅವಳ ಊಟದಂಗಡಿಯ ಸಾಮಾನು ತರಲು.

ತಪ್ಪು ಮೊದಲ ನಿಮಿಷದಲ್ಲೇ ಆಯಿತು. ಕೈ ತಾನಾಗಿ ಹೋಗಿ ಹಿಂದಿನ ಎಡಬಾಗಿಲು ತೆರೆದು ಹಿಡಿಯಿತು.

"ಇದೇನ್ರೀ? ನನ್ನನ್ನ ಪಕ್ಕದಲ್ಲಿ ಕೂರಿಸ್ಕೊಳ್ಳೋಕೆ ನಾಚ್ಕೆನಾ? ನಾನೇನು ನಿಮ್ಮ ಯಜಮಾನ್ತಿನಾ?"

ಮುಂದೆ ಕೂತಳು. ಮೊಣಕಾಲು ಡ್ಯಾಶ್‌ಬೋರ್ಡಿಗೆ ತಾಗಿತು. ಅಮ್ಮಾವ್ರ ಕಾಲಿಗೆ ಜಾಗವಿರಲಿ ಎಂದು ಮುಂದಿನ ಸೀಟು ಯಾವಾಗಲೂ ಮುಂದಕ್ಕೇ.

"ಈ ಸೀಟು ಹಿಂದಕ್ಕೆ ಹೋಗಲ್ವಾ?"

"ಹೋಗುತ್ತೆ."

"ಮತ್ತೆ?"

ಕಾರು ಹೊರಡಿಸಿದೆ. ಸೀಟಿನ ಗುಂಡಿ ಒತ್ತಲಿಲ್ಲ. ಮಾರುಕಟ್ಟೆಯವರೆಗೂ ಮೊಣಕಾಲು ಮಡಚಿಕೊಂಡೇ ಬಂದಳು. ಬರುವಾಗ ಸಿಗಡಿಯ ಬುಟ್ಟಿ ತೊಡೆಯ ಮೇಲೆ. ನಾನು ಕಿಟಕಿ ಇಳಿಸಿದೆ. ಅವಳು ಅದನ್ನೂ ನೋಡಿದಳು.

ಮಾರ್ಚ್ 12, ಮಂಗಳವಾರ

ಶನಿವಾರದಿಂದ ಮಾತು ಬಿಟ್ಟಿದ್ದ ಲಮ್ಯಾಯ್ ಇವತ್ತು ಬಾಯಿ ತೆರೆದದ್ದು ಸ್ಟಿಕ್ಕರ್ ವಿಷಯಕ್ಕೆ.

ಕಾರು ಮುತ್ತಿನ ಬಿಳಿ. ಹುಟ್ಟಿದ ವಾರಕ್ಕೆ ಒಂದು ಬಣ್ಣ ಶುಭ, ಒಂದು ಅಶುಭ. ಅಮ್ಮಾವ್ರು ಹುಟ್ಟಿದ್ದು ಮಂಗಳವಾರ, ಅವರಿಗೆ ಗುಲಾಬಿ ಶುಭ, ಬಿಳಿ ಆಗದು. ಆದರೆ ಇಷ್ಟವಾದದ್ದೇ ಬಿಳಿ. ಆದ್ದರಿಂದ ಎಲ್ಲರೂ ಮಾಡುವುದನ್ನೇ ಮಾಡಿದರು — ಹಿಂದಿನ ಗಾಜಿಗೆ ಅಂಟಿಸಿದರು: ‘ಈ ಕಾರು ಗುಲಾಬಿ ಬಣ್ಣದ್ದು.’ ಗ್ರಹಗಳು ಓದಿಕೊಳ್ಳಲಿ ಎಂದು.

"ನೀವು ಹುಟ್ಟಿದ್ದು ಬುಧವಾರ. ನಿಮಗೆ ಬಿಳಿ ಒಳ್ಳೇದೇ. ಆಗದೇ ಇರೋದು ಗುಲಾಬಿ ಒಂದೇ!"

"ಕಾರು ಬಿಳೀನೇ ಇದ್ಯಲ್ಲೇ."

"ಇರ್ಬೋದು. ಅದೇ ಬಾಯಿ ಬಿಟ್ಟು ಗುಲಾಬಿ ಅಂತಿದ್ಯಲ್ಲ! ಕಿತ್ತಾಕಿ."

ತರ್ಕದಲ್ಲಿ ದೋಷವಿಲ್ಲ. ಬಿಸಿನೀರು, ಬಟ್ಟೆ ತೆಗೆದುಕೊಂಡು ಹೋದೆ. ಒಂದು ಮೂಲೆ ಎತ್ತಿದೆ. ಅಂಟು ಇನ್ನೂ ಗಟ್ಟಿ. ಮತ್ತೆ ಒತ್ತಿ ಕೂರಿಸಿದೆ.

ಅಲ್ಲೇ ಹಿಂದಿನ ಸೀಟಿನಲ್ಲಿ ಕೂತು ಪುಸ್ತಕ ತೆಗೆದೆ. ಷರತ್ತು ಮುರಿಯೋಣವೆಂದೇ. ಗುರುತಿಗೆ ಇಟ್ಟದ್ದು ಆಸ್ಪತ್ರೆಯ ಪಾರ್ಕಿಂಗ್ ಚೀಟಿ. ಒಂದು ಸಾಲು, ಜೋರಾಗಿ. ಕೇಳಿಸಿದ್ದು ನನ್ನದೇ ದನಿ.

ಮುಚ್ಚಿಟ್ಟೆ.

ಮಾರ್ಚ್ 31, ಭಾನುವಾರ

ಏನೂ ಬರೆದಿಲ್ಲ ಇಷ್ಟು ದಿನ. ಓಡಿಸಿದ್ದೇನೆ, ಅಷ್ಟೆ. ವಾರಕ್ಕೆ ಎರಡು ಸಲವಲ್ಲ, ದಿನಾ. ಹಿಂದೆಲ್ಲ ಹಸಿರಿಗಾಗಿ ಓಣಿ ಓಣಿ ಸುತ್ತಿದವನು ಈಗ ಕೆಂಪು ಹುಡುಕಿಕೊಂಡು ಹೋಗುತ್ತೇನೆ. ಹಳದಿ ಕಂಡರೆ ವೇಗ ತಗ್ಗಿಸುತ್ತೇನೆ. ಹಿಂದಿನವರು ಬೈಯುತ್ತಾರೆ.

ಇವತ್ತು ವಾಪಸ್ ಬಂದಾಗ ಲಮ್ಯಾಯ್ ಅಂಗಡಿಯ ಹಿಂದೆ ಸಿಗಡಿ ಸುಲಿಯುತ್ತಾ ಕೂತಿದ್ದಳು.

"ದಿನಾ ಯಾರನ್ನ ಕೂರಿಸ್ಕೊಂಡು ಸುತ್ತಾಡ್ತೀರಾ?"

"ಯಾರೂ ಇಲ್ಲ."

"ಅದು ನನಗೂ ಗೊತ್ತು. ಓಣಿಗೆಲ್ಲಾ ಗೊತ್ತು. ಯಾರಾದ್ರೂ ಇದ್ದಿದ್ರೆ ಜಗಳ ಆಡ್ಬೋದಿತ್ತು, ಜುಟ್ಟು ಹಿಡಿದು ಎಳೀಬೋದಿತ್ತು. ಇಲ್ದೇ ಇರೋರ ಜುಟ್ಟು ಹೇಗ್ರೀ ಹಿಡಿಯೋದು?"

ಹೇಳಿದೆ. ಸಿಗ್ನಲ್, ಪುಟ, ಅಂಚೆಯಮ್ಮ, ಹನ್ನೊಂದು ಹಸಿರು. ಐದು ನಿಮಿಷದಲ್ಲಿ ಮುಗಿಯಿತು. ಇಷ್ಟೇನಾ ಎಂದು ನನಗೇ ಅನ್ನಿಸಿತು.

ಲಮ್ಯಾಯ್ ಏಳೆಂಟು ಸಿಗಡಿ ಸುಲಿದಳು.

"ನನಗೆ ಯಾಕೆ ಒಂದಿನಾನೂ ಓದಿ ಹೇಳ್ಲಿಲ್ಲ?"

"ನಿನಗೆ ಕಥೆ ಅಂದ್ರೆ ಆಗಲ್ವಲ್ಲ."

"ಕೇಳಿದ್ರಾ?"

ಇಲ್ಲ. ಕೇಳಿಲ್ಲ.

ಏಪ್ರಿಲ್ 5, ಶುಕ್ರವಾರ. ಬೆಳಿಗ್ಗೆ

ಒರೆಸಲು ಹೋದರೆ ಹಿರಿಯ ಭಿಕ್ಷು ಕಾರಿನ ಹಿಂದೆ ನಿಂತು ಹೊಟ್ಟೆ ಹಿಡಿದು ನಗುತ್ತಿದ್ದರು.

ಗುಲಾಬಿಯ ಕೆಳಗೆ ಹೊಸದೊಂದು ಸ್ಟಿಕ್ಕರ್. ಸ್ವಲ್ಪ ಸೊಟ್ಟ. ‘ಈ ಕಾರು ಹಸಿರು ಬಣ್ಣದ್ದು.’ ಹಸಿರು ಬುಧವಾರದ ಬಣ್ಣ.

"ಗ್ರಹಗಳಿಗೆ ತಲೆ ಕೆಟ್ಟೋಗುತ್ತೆ, ಪ್ರಯೂನ್. ಒಂದು ಕಾರು, ಮೂರು ಬಣ್ಣ!"

ಮನೆಗೆ ಬಂದು, "ನೀನಾ?" ಎಂದೆ.

"ಅವರದನ್ನ ಕಿತ್ತಿಲ್ಲ. ನಿಮ್ಮದನ್ನ ಸೇರಿಸಿದೀನಿ," ಎಂದಳು. ತಲೆ ಎತ್ತಲಿಲ್ಲ. ಸಾರಿಗೆ ಉಪ್ಪು ಹಾಕುತ್ತಿದ್ದಳು.

ಏಪ್ರಿಲ್ 13, ಶನಿವಾರ. ಸೋಂಗ್ಕ್ರಾನ್

ಹೊಸವರ್ಷ. ಊರು ಖಾಲಿ. ಎಲ್ಲರೂ ತಂತಮ್ಮ ಹಳ್ಳಿಗೆ. ಉಳಿದವರು ಹಬ್ಬದ ನೀರೆರಚಲು ಓಣಿಬಾಯಲ್ಲಿ ಬಕೆಟ್ ಹಿಡಿದು ನಿಂತಿದ್ದಾರೆ. ಕಾರಿನ ಮೇಲೆ ಮೂರು ಕಡೆ ನೀರು ಸುರಿದರು, ಒಬ್ಬಳು ಗಾಜಿಗೆ ಸುಣ್ಣದ ಕೈ ಒತ್ತಿದಳು. ಬೈಯಲಿಲ್ಲ.

ಸಾತೋರ್ನ್ ಸಿಗ್ನಲ್. ಅಡ್ಡರಸ್ತೆಯಲ್ಲಿ ಒಂದು ಗಾಡಿಯೂ ಇಲ್ಲ. ಆದರೂ 120. ನಾನೊಬ್ಬನೇ ನಿಂತೆ. 119, 118... ಎಂಜಿನ್ ಇಲ್ಲ, ಊರಿನ ಸದ್ದೂ ಇಲ್ಲ. ಇಷ್ಟು ನಿಶ್ಶಬ್ದದಲ್ಲಿ ಕೇಳಿಸದಿದ್ದರೆ ಇನ್ನು ಕೇಳಿಸುವುದಿಲ್ಲ.

ಕೇಳಿಸಲಿಲ್ಲ.

ಸೊನ್ನೆ ಬಂತು. ಹೊರಟೆ.

ತೀರ್ಮಾನ ಮಾಡಿದ್ದೇನೆ. ಕೀಲಿ ನಳಿನ್‌ಗೆ. ಹಿಂದೆ ಯಾರೂ ಇಲ್ಲದ ಕಾರನ್ನು ಓಡಿಸುವುದು ನನಗೆ ಗೊತ್ತಿಲ್ಲ. ಉಯಿಲಿನಲ್ಲಿ ಅಮ್ಮಾವ್ರು ಬರೆಸಿದ್ದು ತಪ್ಪು. ಪುಸ್ತಕವೂ ಕಾರಿನ ಜೊತೆಗೇ ಹೋಗಲಿ, ಅದರ ಜಾಗ ಅದು.

ಲಮ್ಯಾಯ್‌ಗೆ ಹೇಳಿದೆ. "ನಿಮ್ಮ ಕಾರು, ನಿಮ್ಮಿಷ್ಟ," ಎಂದಳು. ಆಮೇಲೆ, "ಹದಿನೇಳಕ್ಕೆ ನಾನೂ ಬರ್ತೀನಿ. ಭಿಕ್ಷುಗಳಿಗೆ ಮೀನಿನ ಹುಳಿಸಾರು ನನ್ನ ಕೈದೇ ಇರ್ಲಿ."

ಏಪ್ರಿಲ್ 17, ಬುಧವಾರ. ಬೆಳಿಗ್ಗೆ 10.50

ಅಮ್ಮಾವ್ರ ಕುಟುಂಬದ ವಿಹಾರ. ಪಾರ್ಕಿಂಗ್. ಕಾರಿನಲ್ಲೇ ಕೂತು ಬರೆಯುತ್ತಿದ್ದೇನೆ. ಒಳಗೆ ಮಂತ್ರಪಠನ ಮುಗಿದು ಭಿಕ್ಷುಗಳ ಊಟಕ್ಕೆ ಬಡಿಸುತ್ತಿದ್ದಾರೆ. ನಾನು ಕೈಮುಗಿದು ಎದ್ದು ಬಂದೆ. ಬೇಗ ಬರೆಯಬೇಕು, ಮರೆಯುವ ಮೊದಲು.

ಬೆಳಿಗ್ಗೆ ಹೊರಡುವಾಗ ಮುಂದಿನ ಸೀಟನ್ನು ಪೂರ್ತಿ ಹಿಂದಕ್ಕೆ ತಳ್ಳಿಟ್ಟಿದ್ದೆ. ಅವಳಿಗಾಗಿ. ಆದರೆ ಹೂವಿನ ತಟ್ಟೆ, ಭಿಕ್ಷುಗಳಿಗೆ ಕೊಡುವ ಕಾಣಿಕೆಯ ಬಕೆಟ್ಟುಗಳು ಅಲ್ಲಿ ತುಂಬಿಕೊಂಡವು. ಸಾರಿನ ಪಾತ್ರೆ ಅಲುಗಾಡದಂತೆ ಹಿಡಿಯುವವರು ಬೇಕು. ಹಿಂದಿನ ಬಾಗಿಲು ಅವಳೇ ತೆರೆದುಕೊಂಡಳು. ಹಿಡಿಗೆ ಅರಿಶಿನದ ಬೆರಳು.

"ಪಾತ್ರೆಗೋಸ್ಕರ ಕೂತೆ, ಅಷ್ಟೆ. ಯಜಮಾನ್ತಿ ಆದ್ಳು ಅಂದ್ಕೋಬೇಡಿ."

ಸೇತುವೆ ದಾಟಿದ ಮೇಲೆ ಮೊದಲ ಕೆಂಪು. 120. ಎಂಜಿನ್ ನಿಂತಿತು.

ಪುಟ ತಿರುವಿದ ಸದ್ದು.

ಕನ್ನಡಿ ನೋಡಿದೆ. ಆರು ವರ್ಷ ಅದೇ ಓರೆಯಲ್ಲಿ ಇಟ್ಟ ಕನ್ನಡಿ. ಅದರಲ್ಲಿ ಮುಖ ಕಾಣುವುದಿಲ್ಲ, ಪುಸ್ತಕದ ಅಂಚು ಮಾತ್ರ. ಪುಸ್ತಕದ ಅಂಚು ಇತ್ತು. ಕೆಳಗೆ ಪಾತ್ರೆಯ ಮುಚ್ಚಳ.

"ಚೀಟಿ ಇಟ್ಟಿದ್ದಾರಲ್ಲ, ಇಲ್ಲಿಂದ ತಾನೇ? ‘ಆಗ ವ... ವೆರ್... ವೆರ್ಯೋ...’ ಥೂ, ಇವಳ ಹೆಸರೇನ್ರೀ ಇದು, ನಾಯಿ ಸೀನಿದ ಹಾಗಿದೆ!"

"ಅಂಚೆಯಮ್ಮ ಅನ್ನು."

"ಹಾಗೆ ಬರೆಯೋಕೆ ಏನಾಗಿತ್ತು ಅವರಿಗೆ? ‘ಆಗ ಅಂಚೆಯಮ್ಮ ಉಸಿರು ಬಿಗಿಹಿಡಿದು ನಿಂತಳು.’"

ತರಕಾರಿ ಕೂಗುವ ದನಿ. ಮಾರುಕಟ್ಟೆಯ ದನಿ. ಪೂರ್ಣವಿರಾಮಕ್ಕೆ ನಿಲ್ಲುವುದಿಲ್ಲ, ಉಸಿರು ಮುಗಿದಲ್ಲಿ ನಿಲ್ಲುತ್ತಾಳೆ. ಔಷಧಿ ಚೀಟಿ, ಲಾಟರಿ ಫಲಿತಾಂಶ ಬಿಟ್ಟು ಅವಳು ಏನನ್ನೂ ಓದಿದ್ದು ನೋಡಿಲ್ಲ. ಅಮ್ಮಾವ್ರ ದನಿ ಎಲ್ಲೂ ಇರಲಿಲ್ಲ. ಒಂದು ಅಕ್ಷರದಲ್ಲೂ ಇರಲಿಲ್ಲ. ಆದರೂ ಮಂಜುಗಡ್ಡೆ ಲಟಕ್ ಎಂದಿತು. ಅಂಚೆಯಮ್ಮ ಚೀಲವನ್ನು ಬೆನ್ನಿನಿಂದ ಇಳಿಸಿದಳು, ಹೊಟ್ಟೆಯ ಮೇಲೆ ಮಲಗಿದಳು—

ಹಿಂದಿನವನು ಹಾರ್ನ್ ಹೊಡೆದ. ಹಸಿರು ಯಾವಾಗಲೋ ಬಂದಿತ್ತು.

"ಹೊರಡ್ರೀ! ಸಾರು ಆರುತ್ತೆ!"

"ಆಮೇಲೆ? ಮಲಗಿ ಏನು ಮಾಡಿದ್ಳು?"

"ನಿಲ್ಲಿಸಿದ್ರೆ ತಾನೇ ಓದೋದು. ಹಸಿರಲ್ಲಿ ಓದ್ಬಾರ್ದು ಅಂತ ನೀವೇ ಹೇಳಿದ್ದಲ್ವಾ?"

ಹಾಗೆ ಹೇಳಿದ್ದೆನೇ? ಹೇಳಿದ್ದಿರಬೇಕು.

ಬಲಕ್ಕೆ ತಿರುಗಿದ್ದರೆ ಮೇಲ್ಸೇತುವೆ, ಸಿಗ್ನಲ್ ಇಲ್ಲ, ಹತ್ತು ನಿಮಿಷ. ನೇರ ಹೋದೆ. ಇನ್ನೂ ಮೂರು ಕೆಂಪು ಸಿಕ್ಕವು. ತಡವಾಗಿ ಬಂದೆವು. ಸಾರು ಆರಿತ್ತು. ಸೀಟಿನ ಮೇಲೆ ಅರಿಶಿನದ ಕಲೆ, ಅಂಗೈ ಅಗಲ. ಒರೆಸಿಲ್ಲ.

ಲೆಕ್ಕ ಹಾಕಿದೆ. ಅಮ್ಮಾವ್ರಿಗೆ ದೀಪಕ್ಕೊಂದು ಪುಟ. ಲಮ್ಯಾಯ್‌ಗೆ ಏಳು ಸಾಲು. ಪುಟಕ್ಕೆ ನಾಲ್ಕು ದೀಪ. ಇವತ್ತು ಒಂದು ಪುಟ ಆಯಿತು. ಮೂವತ್ತು ಉಳಿದಿವೆ. ಅಂದರೆ ನೂರ ಇಪ್ಪತ್ತು ಕೆಂಪು ದೀಪ.

ಊಟ ಬಡಿಸಿಯಾಯಿತು ಎನಿಸುತ್ತದೆ. ನಳಿನ್ ಮೆಟ್ಟಿಲಿಳಿದು ಈ ಕಡೆಗೇ ಬರುತ್ತಿದ್ದಾರೆ. ಹಿಂದೆಯೇ ಲಮ್ಯಾಯ್, ಖಾಲಿ ಪಾತ್ರೆ ಸೊಂಟದ ಮೇಲೆ. ಕೀಲಿ ಜೇಬಿನಲ್ಲಿದೆ. ಗಾಜು ಇಳಿಸಬೇಕು. ಹೇಳಬೇಕಾದದ್ದು ಇಷ್ಟೇ — ನಳಿನಮ್ಮ, ಇನ್ನೂ ನೂರ ಇಪ್ಪತ್ತು