ಗಿಡಾಡೊ ನನ್ನನ್ನು ಅಕ್ಕ ಎಂದ ದಿನ

ಅವ್ವ,

ಸಂಜೆಯ ನಮಾಜು ಮುಗಿದಿದೆ. ವಿಮಾನದ ಸದ್ದಾದಾಗಲೆಲ್ಲ ಎದ್ದು ಬಾಗಿಲಿಗೆ ಹೋಗುತ್ತೇನೆ, ಮತ್ತೆ ಬಂದು ಬರೆಯುತ್ತೇನೆ.

ನಸುಕಿನಲ್ಲಿ ತಂಗಿ ಯಗಾನಾಳಿಗೆ ಹೆರಿಗೆ ನೋವು ಶುರುವಾಯಿತು. ನೀನು ಸೂಲಗಿತ್ತಿಯಾಗಿದ್ದ ಆಸ್ಪತ್ರೆಗೆ ಹೊರದೇಶದ ನೆರವು ನಿಂತು ಬೀಗ ಬಿದ್ದಿದೆ. ಅದೇ ದೇಶದ ಸೈನಿಕರು ಎದುರಿಗೇ ಬೇಲಿ ಹಾಕಿ, ವಿಮಾನ ಇಳಿಯುವ ದಾರಿಯನ್ನು ಇನ್ನೂ ಉದ್ದ ಮಾಡುತ್ತಿದ್ದಾರೆ. ಆ ಬೇಲಿಯೊಳಗೆ ಅವರ ವೈದ್ಯರಿದ್ದಾರೆ. ಕತ್ತೆಗಾಡಿಯನ್ನು ಅಲ್ಲಿಗೇ ಹೊಡೆದೆ.

ಗೇಟಿನಲ್ಲಿ ನಮ್ಮೂರ ಗಿಡಾಡೊ ಕಾವಲಿದ್ದ. ದನ ಮೇಯಿಸುವ ಫುಲಾನಿಯನ್ನು ಕಂಡರೆ ಕನೂರಿಗಳಾದ ನಾವು ಛೇಡಿಸದೆ ಇರುತ್ತೇವೆಯೇ? ಒಬ್ಬರನ್ನೊಬ್ಬರು ಆಳು ಎಂದು ಕರೆಯುವುದು ಅಜ್ಜಂದಿರ ಕಾಲದ ತಮಾಷೆ.

"ಏ ಹಾಲುಕುಡುಕ, ನಿನ್ನ ಒಡತಿ ಬಂದಿದೀನಿ, ಗೇಟು ತೆಗಿಯೋ!"

"ನನ್ನ ಆಳು ಯಾವಾಗಿಂದ ಒಡತಿ ಆದ್ಲೇ?" ಎಂದು ನಗುತ್ತ ಬಂದವನು ಗಾಡಿ ನೋಡಿ ಒಳಗೋಡಿದ. ತಿರುಗಿ ಬಂದಾಗ ನನ್ನ ಮುಖ ನೋಡಲಿಲ್ಲ.

"ಊರಿನೋರನ್ನ ಬಿಡೋ ಹಾಗಿಲ್ವಂತೆ, ಅಕ್ಕ."

ಅವನ ಬಾಯಲ್ಲಿ ಆ ಮರ್ಯಾದೆ ಕೇಳಿ ಇನ್ನು ಬೇಡಿ ಫಲವಿಲ್ಲವೆಂದು ಗಾಡಿಯನ್ನು ಬೇಲಿಯ ಪಕ್ಕಕ್ಕೆ ತಿರುಗಿಸಿದೆ.

ಮಗು ಬೇಲಿಯ ಬುಡದಲ್ಲೇ ಹುಟ್ಟಿತು. ರಕ್ತ ನಿಲ್ಲಲಿಲ್ಲ. ಇಂಥ ಹೊತ್ತಿನಲ್ಲಿ ನಿನ್ನ ಕೈ ಏನು ಮಾಡುತ್ತಿತ್ತೆಂದು ನೆನೆಯುತ್ತಲೇ ಇದ್ದೆ.

ಗಂಡಸರು ಯಗಾನಾಳನ್ನು ನಿನ್ನ ಪಕ್ಕದಲ್ಲಿ ಮಣ್ಣು ಮಾಡಿ ಬಂದರು. ಮಗು ಹೆಣ್ಣು. ನನ್ನ ಬೆರಳು ಚೀಪುತ್ತಿದೆ.

ನಾಳೆ ಬೆಳಗ್ಗೆ ಗಿಡಾಡೊ ಹಾಲು ತರುತ್ತಾನೆ.