ಹಗಲಲ್ಲಿ ಎಳೆದ ಪರದೆ

ಹಾರ್ಲಿಂಗನ್, ಮಾರ್ಚ್ ೯

ಎದುರುಮನೆಯ ವೀಬೆ ಅವರಿಗೆ ನಮಸ್ಕಾರ.

ಮೂರು ವಾರಗಳಿಂದ ನನ್ನ ಕಿಟಕಿಯ ಪರದೆ ಮುಚ್ಚಿದೆ. ನಮ್ಮ ಬೀದಿಯಲ್ಲಿ ಹಗಲು ಯಾರೂ ಪರದೆ ಎಳೆಯುವುದಿಲ್ಲ ಎಂಬುದು ನನಗೆ ಗೊತ್ತಿಲ್ಲದ್ದೇನಲ್ಲ. "ಒಳಗೆ ಏನ್ ಬಚ್ಚಿಟ್ಟಿದಾಳೋ ಮುದುಕಿ!" ಎಂದು ಬ್ರೆಡ್ ಅಂಗಡಿಯಾಕೆ ಯೆಲ್ಲಿ ನಗಾಡಿದಳಂತೆ. ಬಚ್ಚಿಡಲು ನನ್ನಲ್ಲಿ ಏನಿದೆ, ಅವಳ ತಲೆ!

ವಿಷಯ ಇಷ್ಟೇ. ನನ್ನ ಬಲಗಣ್ಣಿನ ಕಾರ್ನಿಯಾದಲ್ಲಿ ರಕ್ತನಾಳಗಳು ಹಬ್ಬಿವೆ. ಅದು ಗಾಜಿನಂತೆ ತಿಳಿಯಾಗಿರಬೇಕಾದ ಜಾಗ. ವರ್ಷಗಟ್ಟಲೆ ಕಾಂಟ್ಯಾಕ್ಟ್ ಲೆನ್ಸ್ ಹಾಕಿಕೊಂಡೇ ನಿದ್ದೆ ಮಾಡಿದ ತಪ್ಪು ನನ್ನದೇ. "ಹೆದ್ರಬೇಡಿ ಅಮ್ಮ, ನಾಳಗಳು ಒಣಗ್ತವೆ" ಎನ್ನುತ್ತ ಡಾಕ್ಟರ್ ಕಣ್ಣಿಗೇ ಇಂಜೆಕ್ಷನ್ ಕೊಟ್ಟರು. ದಿನಕ್ಕೆ ಆರು ಸಲ ನಾನೇ ಹನಿ ಹಾಕಿಕೊಳ್ಳುತ್ತೇನೆ. ಅದರಲ್ಲಿ ಅರ್ಧ ಕೆನ್ನೆಯ ಪಾಲಾಗುತ್ತದೆ. ಬೆಳಕನ್ನು ಮಾತ್ರ ಸಹಿಸಲಾಗುತ್ತಿಲ್ಲ.

ಒಂದು ಕೋರಿಕೆ. ಸಂಜೆ ನಾಲ್ಕು ಗಂಟೆಗೆ ನಾಯಿ ಕರೆದುಕೊಂಡು ಹೋಗುವಾಗ ಹನ್ನೊಂದು ವರ್ಷ ನೀವು ನನ್ನ ಕಿಟಕಿಯತ್ತ ಕೈ ಬೀಸಿದ್ದೀರಿ. ಈಗಲೂ ಬೀಸುತ್ತೀರೋ ಇಲ್ಲವೋ ನನಗೆ ಕಾಣುವುದಿಲ್ಲ. ಆದ್ದರಿಂದ ದಯವಿಟ್ಟು ಗಾಜಿನ ಮೇಲೆ ಒಮ್ಮೆ ಬೆರಳಿನಿಂದ ತಟ್ಟಿ.

ನಾಯಿಯ ಸರಪಳಿಯ ಸದ್ದು ಕೇಳಿದಾಗಲೆಲ್ಲ ನಾನು ಪರದೆಯ ಹಿಂದೆ ಕೈ ಎತ್ತುತ್ತಲೇ ಇದ್ದೇನೆ.

ಕಿಟಕಿಯ ಒಳಗಿನಿಂದ,
ತ್ಯಿಟ್ಸ್ಕೆ