ಮಕ್ಕಳು ಬರೆದ ನಕ್ಷೆಯಲ್ಲಿ ಹನ್ನೊಂದು ಕೆಂಪು ಸುತ್ತು

ಶಿಕ್ಷಣ ಮತ್ತು ಕಟ್ಟಡ, ಎರಡೂ ಖಾತೆಗಳನ್ನು ಹೊತ್ತಿರುವ ಉಪಮೇಯರ್ ಅವರಿಗೆ,

ಮಾನ್ಯರೇ,

ಶಾಲೆ ಬಿಟ್ಟ ಮಕ್ಕಳಿಗೆ ಈ ಬೇಸಿಗೆಯಲ್ಲೂ ಕಲಿಸಲು ಬನ್ನಿ ಎಂದು ನೀವು ಕಳಿಸಿದ ಕಾಗದ ತಲುಪಿತು. ನಾನು ಬರುವುದಿಲ್ಲ. ಕಳೆದ ಬೇಸಿಗೆಯಲ್ಲಿ ಆ ಮಕ್ಕಳು ಬರೆದ ನಕ್ಷೆಯನ್ನೇ ಹಿಡಿದು ನಿಮ್ಮ ಕಚೇರಿ ಈ ಏಪ್ರಿಲ್‌ನಲ್ಲಿ ಹನ್ನೊಂದು ಮನೆಗಳನ್ನು ಕೆಡವಿತು. ಕಾರಣ ಇಷ್ಟೇ. ಆದರೆ ನಿಮ್ಮ ಕಚೇರಿಗೆ ಕಾರಣವೆಂಬುದು ಸವಿವರವಾಗಿ, ಲಿಖಿತವಾಗಿ ಬೇಕೆಂದು ಬಲ್ಲೆ. ಮೂವತ್ತೊಂದು ವರ್ಷ ಅಲ್ಲಿಯ ಸರ್ವೆ ವಿಭಾಗದಲ್ಲೇ ಅಳತೆಕೋಲು ಹೊತ್ತವನು ನಾನು. ನೇರವಾಗಿ ಕಳಿಸಿದ ಮೂರು ಪತ್ರಗಳಿಗೆ ಉತ್ತರ ಬಾರದ್ದರಿಂದ ಇದನ್ನು ಪತ್ರಿಕೆಗೆ ಕೊಡುತ್ತಿದ್ದೇನೆ.

ಹೊಳೆಗೂ ರೈಲುಹಳಿಗೂ ನಡುವಿನ ನಮ್ಮ ಮೊಹಲ್ಲಾ ಬಲ್ಗೇರಿಯಾದ ಯಾವ ನಕ್ಷೆಯಲ್ಲೂ ಇರಲಿಲ್ಲ. ನಿಮ್ಮ ಕಚೇರಿಯ ಗೋಡೆಯ ನಕ್ಷೆಯಲ್ಲಿ ಅದು ಹಸಿರು ಬಣ್ಣದ ಹುಲ್ಲುಗಾವಲು. ಆ ಹುಲ್ಲುಗಾವಲಿನಲ್ಲಿ, ನೀವು ಜಿಪ್ಸಿಗಳೆನ್ನುವ ನಾವು ರೋಮಾ ಜನ ಮೂರು ತಲೆಮಾರಿನಿಂದ ಮಕ್ಕಳನ್ನು ಹೆತ್ತಿದ್ದೇವೆ, ಕೆಂಪು ಮೆಣಸಿನಕಾಯಿ ಸುಟ್ಟು ಚಳಿಗಾಲಕ್ಕೆ ಭರಣಿ ತುಂಬಿದ್ದೇವೆ, ಚುನಾವಣೆ ಬಂದಾಗ ಎಲ್ಲ ಪಕ್ಷದವರಿಗೂ ದಾರಿ ತಪ್ಪದಂತೆ ಸಿಕ್ಕಿದ್ದೇವೆ. ಆಂಬುಲೆನ್ಸ್‌ಗೆ ಮಾತ್ರ ಸಿಕ್ಕಿಲ್ಲ. ಎರಡು ವರ್ಷದ ಹಿಂದೆ ನೆರೆಮನೆಯ ಬಿಸೆರಾಳ ಅಜ್ಜಿಗೆ ಎದೆನೋವು ಬಂದಾಗ ಆಂಬುಲೆನ್ಸ್ ಚಾಲಕ ಹಳಿಯ ಆಚೆ ನಿಂತು ಬೀದಿಯ ಹೆಸರು ಕೇಳಿದ. ಬೀದಿಗೆ ಹೆಸರಿರಲಿಲ್ಲ. ಬಾಗಿಲು ಕಿತ್ತು ಅದರ ಮೇಲೆ ಮುದುಕಿಯನ್ನು ಹೊತ್ತು ತರುವಷ್ಟರಲ್ಲಿ ಎಲ್ಲ ಮುಗಿದಿತ್ತು.

ಅದೇ ವರ್ಷ ಬಿಸೆರಾ ಏಳನೆಯ ತರಗತಿಯಲ್ಲೇ ಶಾಲೆ ಬಿಟ್ಟಳು. ಯಾಕೆ ಎಂದು ಕೇಳಿದ್ದಕ್ಕೆ, "ಗಣಿತದ ಮೇಡಮ್ಮು ವರ್ಷಪೂರ್ತಿ ನನಗೊಂದು ಪ್ರಶ್ನೆ ಕೇಳಲಿಲ್ಲ ತಾತ. ಕಿಟಕಿ ಪಕ್ಕ ಕೂತು ಏನ್ ಮಾಡ್ಲಿ?" ಎಂದಿದ್ದಳು.

ಆಮೇಲೆ ಶಾಲೆಯ ಹೊರಗೆ ಕಲಿಸಿ ಮಕ್ಕಳನ್ನು ಶಾಲೆಗೆ ಮರಳಿಸುವ ನಿಮ್ಮ ಯೋಜನೆ ಬಂತು. ನನ್ನ ಅಂಗಳಕ್ಕೆ ಹದಿನಾಲ್ಕು ಮಕ್ಕಳು ಬಂದರು. ಏನು ಕಲಿಯುತ್ತೀರಿ ಎಂದು ಕೇಳಿದೆ. ಬಿಸೆರಾ ಒಬ್ಬಳೇ ಬಾಯಿ ಬಿಟ್ಟಳು.

"ಆಂಬುಲೆನ್ಸ್‌ನೋರಿಗೆ ದಾರಿ ತೋರಿಸೋ ಚಿತ್ರ ಬರೆಯೋಕಾಗುತ್ತಾ?"

"ಅದಕ್ಕೆ ನಕ್ಷೆ ಅಂತಾರೆ."

"ಏನಾದ್ರೂ ಅನ್ಲಿ. ನಿಮಗೆ ಬರುತ್ತಾ?"

ನನಗೆ ಬರುವುದು ಅದೊಂದೇ. ಜೂನ್‌ನಿಂದ ಆಗಸ್ಟ್‌ವರೆಗೆ ಮನೆಮನೆ ಅಳೆದೆವು. ನೆರಳು ಅಳೆದು ನೀರಿನ ಟ್ಯಾಂಕಿನ ಎತ್ತರ ಹೇಳಬಹುದೆಂದು ಗೊತ್ತಾದ ದಿನ ಬಿಸೆರಾ ಕಂಡಕಂಡದ್ದರ ನೆರಳನ್ನೆಲ್ಲ ಅಳೆದಳು, ಕತ್ತೆಯನ್ನೂ ಬಿಡಲಿಲ್ಲ. ಅವಳ ತಾಯಿ ಸೆವ್ದಾ ಬಟ್ಟೆ ಒಣಹಾಕುತ್ತ, "ನನ್ನ ಗೋಡೆ ಅಳೆದು ಯಾರಿಗೆ ಮಾರ್ತೀಯೋ ಮುದುಕಪ್ಪ?" ಎಂದು ಕಿಚಾಯಿಸುತ್ತಿದ್ದಳು. ನಾನೂ ನಗುತ್ತಿದ್ದೆ. ನಕ್ಷೆಗಳು ಯಾರ ಮೇಜಿಗೆ ಹೋಗುತ್ತವೆ, ಅಲ್ಲಿಂದ ಏನಾಗಿ ಹೊರಬರುತ್ತವೆ ಎಂಬುದನ್ನು ನನಗಿಂತ ಚೆನ್ನಾಗಿ ಬಲ್ಲವರು ಮೊಹಲ್ಲಾದಲ್ಲಿ ಯಾರೂ ಇರಲಿಲ್ಲ. ಆದರೂ ಸುಮ್ಮನಿದ್ದೆ. ಆ ಮಕ್ಕಳು ತಾವಾಗಿ ಭಾಗಾಕಾರ ಮಾಡುತ್ತಿದ್ದರು, ಮಾನ್ಯರೇ. ಅದನ್ನು ನಿಲ್ಲಿಸಲು ನನಗೆ ಮನಸ್ಸು ಬರಲಿಲ್ಲ. ಈ ತಪ್ಪಿನಲ್ಲಿ ನನ್ನ ಪಾಲು ನನಗಿರಲಿ.

ಮಕ್ಕಳಿಗೆ ಪ್ರಶಸ್ತಿಪತ್ರ ಕೊಟ್ಟ ಸೆಪ್ಟೆಂಬರ್‌ನ ಸಮಾರಂಭ ನಿಮಗೆ ನೆನಪಿರಬಹುದು. ಬಿಸೆರಾಳ ಹೆಗಲ ಮೇಲೆ ಕೈಯಿಟ್ಟು "ನಾಳೆಯ ಎಂಜಿನಿಯರ್" ಎಂದಿರಿ. "ಈ ನಕ್ಷೇನ ನನಗೆ ಕೊಡು ಮಗು, ಕಚೇರೀಲಿ ಚೌಕಟ್ಟು ಹಾಕಿಸಿ ಇಡ್ತೀನಿ" ಎಂದಿರಿ. ಅವಳು ನಕಲು ಕೊಡಲಿಲ್ಲ, ಮೂಲವನ್ನೇ ಕೊಟ್ಟಳು. ಮರುದಿನ ಶಾಲೆಗೆ ಹೋದಳು. ಅವಳ ಹಿಂದೆ ಇನ್ನೂ ಎಂಟು ಮಕ್ಕಳು ಹೋದರು. ಚಳಿಗಾಲ ಪೂರ್ತಿ ಹೋದರು.

ಏಪ್ರಿಲ್‌ನಲ್ಲಿ ನೋಟಿಸು ಬಂತು. ಅದರ ಲಗತ್ತಿನಲ್ಲಿ ನಮ್ಮ ನಕ್ಷೆಯಿತ್ತು, ಬಿಸೆರಾಳ ದುಂಡು ಅಕ್ಷರದಲ್ಲೇ. ಪರವಾನಗಿ ಇಲ್ಲದ ಹನ್ನೊಂದು ಮನೆಗಳಿಗೆ ಕೆಂಪು ಸುತ್ತು. ಇಷ್ಟು ವರ್ಷ ನಿಮ್ಮ ಕಚೇರಿ ಅವುಗಳನ್ನು ಕೆಡವದಿದ್ದದ್ದು ಕರುಣೆಯಿಂದಲ್ಲ, ಯಾವುದು ಎಲ್ಲಿದೆ ಎಂದು ಕಾಗದದಲ್ಲಿ ಇಲ್ಲದ್ದರಿಂದ. ಆ ಕೊರತೆಯನ್ನು ನಾವೇ ತುಂಬಿಕೊಟ್ಟೆವು. ಕೆಳಗೆ ಸಹಿ ನಿಮ್ಮದು. ಪ್ರಶಸ್ತಿಪತ್ರದಲ್ಲಿದ್ದ ಸಹಿಯೇ. ಸಹಿ ಮಾಡುವಾಗ ಯಾವ ಖಾತೆಯ ಪೆನ್ನು ಹಿಡಿದಿರಿ?

ಬುಲ್ಡೋಜರ್ ಬಂದ ಬೆಳಿಗ್ಗೆ ಬಿಸೆರಾ ಗಣಿತದ ತರಗತಿಯಲ್ಲಿದ್ದಳು. ಮಧ್ಯಾಹ್ನ ಬಂದವಳು ಚೀಲ ಬೆನ್ನಿನಲ್ಲೇ ಇಟ್ಟುಕೊಂಡು ತಮ್ಮ ಮನೆಯ ಇಟ್ಟಿಗೆಯ ರಾಶಿಯನ್ನು ಒಂದು ಸುತ್ತು ಹಾಕಿ ಬಂದಳು.

"ತಾತ, ನಾನೇನಾದ್ರೂ ತಪ್ಪು ಅಳೆದಿದ್ನಾ?"

"ಇಲ್ಲ ಮಗಳೇ. ಒಂದು ಗೇಣೂ ತಪ್ಪಿರಲಿಲ್ಲ."

"ತಪ್ಪಿಸಿ ಬರೀಬೇಕಿತ್ತು," ಎಂದಳು.

ಇದಕ್ಕೆ ಏನು ಉತ್ತರ ಕೊಡಬೇಕಿತ್ತೆಂದು ಶಿಕ್ಷಣ ಖಾತೆಯವರು ದಯವಿಟ್ಟು ತಿಳಿಸಿಕೊಡಿ.

ಈಗ ಬಿಸೆರಾಳ ಮನೆಯವರು ಪಕ್ಕದ ಊರಿನಲ್ಲಿ ಅವಳ ಸೋದರಮಾವನ ಗ್ಯಾರೇಜಿನಲ್ಲಿದ್ದಾರೆ. ಸೆವ್ದಾ ಸ್ಟ್ರಾಬೆರಿ ಕೀಳಲು ಗ್ರೀಸಿಗೆ ಹೋದಳು. ತಮ್ಮಂದಿರಿಬ್ಬರನ್ನೂ ಬಿಸೆರಾ ನೋಡಿಕೊಳ್ಳುತ್ತಾಳೆ. ಅಲ್ಲಿಯ ಶಾಲೆಗೆ ಸೇರಿಸುತ್ತೇನೆಂದು ಹೋಗಿದ್ದೆ. ಕಾಫಿ ಮಾಡಿಕೊಟ್ಟಳು, ಮರ್ಯಾದೆಯಿಂದ ಮಾತಾಡಿಸಿದಳು, ಬೇಡ ಎಂದಳು. ಉಳಿದ ಎಂಟು ಮಕ್ಕಳನ್ನೂ ಅವರ ಮನೆಯವರು ಬಿಡಿಸಿದ್ದಾರೆ. ಅವರನ್ನು ದೂರಲಾರೆ. ನನ್ನ ಕೈಯಲ್ಲಿ ಪೆನ್ಸಿಲ್ ಕಂಡರೆ ಸಾಕು, ಈಗ ಮೊಹಲ್ಲಾದ ಹೆಂಗಸರು ಮಕ್ಕಳನ್ನು ಒಳಗೆ ಕರೆಯುತ್ತಾರೆ.

ನಿಮ್ಮ ಕಾಗದದ ಜೊತೆ ಬಂದ ಬಣ್ಣದ ವರದಿಯನ್ನು ಓದಿದೆ. ಒಂಬತ್ತು ಮಕ್ಕಳು ಶಾಲೆಗೆ ಮರಳಿದರು ಎಂದಿದೆ. ಪಕ್ಕದ ಚಿತ್ರದಲ್ಲಿ ಬಿಸೆರಾ ನಗುತ್ತಿದ್ದಾಳೆ.

ಮನೆಗಳನ್ನು ಮರಳಿಸಿ ಎಂದು ಕೇಳುವಷ್ಟು ಹುಚ್ಚು ನನಗಿಲ್ಲ. ನಕ್ಷೆಯನ್ನೂ ಇಟ್ಟುಕೊಳ್ಳಿ. ನನ್ನ ಬೇಡಿಕೆ ಒಂದೇ: ವರದಿಯನ್ನು ಮೇಲಿನವರಿಗೆ ಕಳಿಸುವ ಮೊದಲು ಆ ಒಂಬತ್ತನ್ನು ಹೊಡೆದುಹಾಕಿ ಸೊನ್ನೆ ಬರೆಯಿರಿ. ಆ ಹುಡುಗಿಯ ಚಿತ್ರವನ್ನು ತೆಗೆಯಿರಿ. ಇದಾದರೂ ಆಗುತ್ತದೆಂಬ ನಂಬಿಕೆ ನನಗಿಲ್ಲ. ಕೇಳಿದ್ದೆ ಎಂಬುದು ದಾಖಲೆಯಲ್ಲಿರಲಿ ಎಂದು ಕೇಳುತ್ತಿದ್ದೇನೆ.

ಇಂತಿ,
ನಿಮ್ಮ ಕೆಲಸವನ್ನು ಸುಲಭ ಮಾಡಿಕೊಟ್ಟ ಮೇಷ್ಟ್ರು
ಚಾವ್ದಾರ್ ಮಿರ್ಚೆವ್
ಮಕ್ಕಳ ನಕ್ಷೆಯಲ್ಲಿ ಮನೆ ಸಂಖ್ಯೆ ಇಪ್ಪತ್ತಾರು, ಇನ್ನೂ ಕೆಂಪು ಸುತ್ತು ಬಿದ್ದಿಲ್ಲ